ಸಭೆಯೂ ಸಭ್ಯತೆಯೂ: ಬೆಳಗಾವಿ-ಖಾನಾಪುರಗಳ ಕ್ರೈಸ್ತಸಭೆಯನ್ನು ಕುರಿತ ಒಂದು ಶಬ್ದವಿಚಾರ

೧. ವಿಷಯಪ್ರವೇಶ

ಬೆಳಗಾವಿಯ ದಂಡಿನ ಪ್ರದೇಶದಲ್ಲಿಯೂ ಖಾನಾಪುರ ತಾಲೂಕಿನ ಊರುಗಳಲ್ಲಿಯೂ ಕ್ರೈಸ್ತರ ಆರಾಧನಾಸ್ಥಾನಕ್ಕೆ ಮೂರು ಹೆಸರುಗಳು ಕೇಳಬರುತ್ತವೆ. ಸಾಮಾನ್ಯ ಜನರು ಅದನ್ನು ‘ಚರ್ಚು’ ಎನ್ನುತ್ತಾರೆ. ಗೋವೆಯ ಸಂಬಂಧವುಳ್ಳ ಕೊಂಕಣಿಗರ ಬಾಯಲ್ಲಿ ಅದು ‘ಇಗರ್ಜಿ’. ಕನ್ನಡ ಬೈಬಲನ್ನು ಓದಿ ಬೆಳೆದವರು ‘ಸಭೆ’ ಎನ್ನುತ್ತಾರೆ. ಕಥೋಲಿಕರ ಕನ್ನಡದಲ್ಲಿ ಇದೇ ಶಬ್ದವು ‘ಧರ್ಮಸಭೆ’ಯಾಗಿದೆ. ಮೇಲ್ನೋಟಕ್ಕೆ ಮೊದಲಿನ ಎರಡು ಹೆಸರುಗಳು ಕಟ್ಟಡವನ್ನೂ ಮೂರನೆಯದು ಜನರನ್ನೂ ಹೇಳುವಂತೆ ತೋರುತ್ತದೆ. ಆದರೆ ಶಬ್ದಗಳ ಮೂಲವನ್ನು ಹುಡುಕಿದರೆ ಸಂಬಂಧವು ಬೇರೆಯಾಗಿಯೇ ಕಾಣುವುದು. ‘ಚರ್ಚು’ ಎಂಬುದು ‘ಒಡೆಯನದು’ ಎಂಬ ಅರ್ಥದ ಗ್ರೀಕ್ ಶಬ್ದದಿಂದ ಬಂದುದು. ಅದು ನಿಜವಾಗಿಯೂ ಪ್ರಭುವಿನ ಮನೆಯ ಹೆಸರು. ‘ಇಗರ್ಜಿ’ಯಾದರೋ ಪೋರ್ತುಗೀಸರ ‘ಇಗ್ರೇಜ’. ಅದು ಲ್ಯಾಟಿನ್ನಿನ ‘ಎಕ್ಲೇಸಿಯ’. ಅದಕ್ಕೆ ಮೂಲ ಗ್ರೀಕಿನ ‘ಎಕ್ಲೇಸಿಯ’. ಈ ಗ್ರೀಕ್ ಶಬ್ದದ ಅರ್ಥವು ‘ಕರೆಯಲ್ಪಟ್ಟು ಕೂಡಿದ ಜನ’ ಎಂದು. ಬೈಬಲನ್ನು ಕನ್ನಡಿಸಿದವರು ಅದನ್ನೇ ‘ಸಭೆ’ ಎಂದು ತಂದರು. ಆದುದರಿಂದ ಇಗರ್ಜಿ ಮತ್ತು ಸಭೆ ಎಂಬಿವು ಒಂದೇ ಶಬ್ದದ ಎರಡು ಪ್ರಯಾಣಗಳು. ಒಂದು ಕಡಲ ದಾರಿಯಿಂದ ಗೋವೆಗೆ ಬಂದು ಘಟ್ಟವನ್ನೇರಿ ಖಾನಾಪುರಕ್ಕೆ ತದ್ಭವವಾಗಿ ತಲುಪಿತು. ಇನ್ನೊಂದು ಬಳ್ಳಾರಿಯ ಕಡೆಯಿಂದ ಅನುವಾದವಾಗಿ ಬೆಳಗಾವಿಗೆ ಬಂದಿತು.

ಈ ಅನುವಾದದಲ್ಲಿ ವಿಚಾರಣೀಯವಾದ ಒಂದು ಅಂಶವಿದೆ. ಕ್ರೈಸ್ತಸಭೆಯು ತನ್ನನ್ನು ಪರಿಪೂರ್ಣರ ಕೂಟವೆಂದು ಹೇಳಿಕೊಳ್ಳುವುದಿಲ್ಲ. ಕುಂದುಳ್ಳವರನ್ನು ಬರಮಾಡಿಕೊಳ್ಳುವ ಕುಂದುಳ್ಳವರ ಕೂಟವೆಂದು ಹೇಳಿಕೊಳ್ಳುತ್ತದೆ. ಆದರೆ ನಮ್ಮ ಭಾಷೆಯಲ್ಲಿ ‘ಸಭೆ’ ಎಂಬುದು ಯೋಗ್ಯತೆಯ ಪರೀಕ್ಷೆಯನ್ನು ಹೊಸ್ತಿಲಲ್ಲಿಯೇ ಇಟ್ಟುಕೊಂಡ ಶಬ್ದ. ಅಂಥ ಶಬ್ದವು ಇಂಥ ಅರ್ಥವನ್ನು ಹೇಗೆ ಹೊತ್ತುಕೊಂಡಿತು? ಹೊತ್ತ ಮೇಲೆ ಹಳೆಯ ಅರ್ಥವು ಪೂರ್ತಿಯಾಗಿ ಅಳಿಯಿತೇ? ಬೆಳಗಾವಿ-ಖಾನಾಪುರಗಳ ಉದಾಹರಣೆಯಿಂದ ಇದನ್ನು ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

೨. ‘ಸಭೆ’ಯ ಪೂರ್ವಚರಿತ್ರೆ

ಸಭಾ ಎಂಬುದು ಋಗ್ವೇದದಷ್ಟು ಹಳೆಯ ಶಬ್ದ. ಸಭೆಗೆ ಯೋಗ್ಯನಾದವನು ಎಂಬರ್ಥದ ‘ಸಭೇಯ’ ಶಬ್ದವೂ ವೈದಿಕ ಭಾಷೆಯಲ್ಲಿದೆ. ಪಾಣಿನಿಯು ‘ಸಭ್ಯ’ ಎಂಬ ರೂಪವನ್ನು ಸಾಧಿಸುವಾಗ ಅದಕ್ಕೆ ಸಭೆಯಲ್ಲಿ ಸಾಧುವಾದವನು ಎಂಬ ಅರ್ಥವನ್ನು ಕೊಡುತ್ತಾನೆ. ಸಭೆಗೆ ತಕ್ಕವನು ಸಭ್ಯ, ತಕ್ಕವನಲ್ಲದವನು ಅಸಭ್ಯ. ಇಂದಿನ ಕನ್ನಡದಲ್ಲಿ ಸಭ್ಯತೆಯೆಂದರೆ ನಡತೆಯ ನಯ, ಅಸಭ್ಯವೆಂದರೆ ಹೇಸಿಕೆಯ ಮಾತು. ಶಬ್ದದ ಅರ್ಥವು ಬದಲಾದರೂ ಒಳಗಿನ ಗೆರೆ ಬದಲಾಗಲಿಲ್ಲ: ಸಭೆಯೆಂಬುದು ಒಳಗಿರತಕ್ಕವರನ್ನೂ ಹೊರಗಿರತಕ್ಕವರನ್ನೂ ಬೇರ್ಪಡಿಸುವ ಸ್ಥಳ.

ಶಾಸನಗಳಲ್ಲಿ ಈ ಗೆರೆಯು ಇನ್ನೂ ಸ್ಪಷ್ಟವಾಗಿದೆ. ಚೋಳ ಪರಾಂತಕನ ಕಾಲದ, ಕ್ರಿ. ಶ. ೯೧೯ ಮತ್ತು ೯೨೧ರ ಉತ್ತರಮೇರೂರು ಶಾಸನಗಳು ಊರಸಭೆಯ ‘ವಾರಿಯ’ಗಳಿಗೆ, ಎಂದರೆ ಕಾರ್ಯಮಂಡಲಿಗಳಿಗೆ, ಯಾರನ್ನು ಆರಿಸಬಹುದೆಂಬುದನ್ನು ವಿವರಿಸುತ್ತವೆ. ತೆರಿಗೆ ಕೊಡುವ ಭೂಮಿಯಿರಬೇಕು, ಸ್ವಂತ ನಿವೇಶನದಲ್ಲಿ ಮನೆಯಿರಬೇಕು, ವಿದ್ಯೆಯಿರಬೇಕು, ವಯಸ್ಸಿನ ಮಿತಿಯೊಳಗಿರಬೇಕು. ಲೆಕ್ಕವನ್ನೊಪ್ಪಿಸದವನೂ ಅವನ ನಂಟರೂ ಅನರ್ಹರು. ಮಹಾಪಾತಕಗಳನ್ನು ಮಾಡಿದವರು ಅನರ್ಹರು. ನಮ್ಮ ವಿಷಯಕ್ಕೆ ಮುಖ್ಯವಾದ ಮಾತೆಂದರೆ, ಕೆಲವು ದೋಷಗಳಿಗೆ ಪ್ರಾಯಶ್ಚಿತ್ತವನ್ನು ಮಾಡಿಕೊಂಡು ಶುದ್ಧರಾದವರು ಸಹ ಬದುಕಿರುವವರೆಗೂ ಅನರ್ಹರೆಂದು ಶಾಸನವು ವಿಧಿಸುತ್ತದೆ. ಊರಿನ ಕೆರೆ, ತೋಟ, ಹೊನ್ನುಗಳನ್ನು ನೋಡಿಕೊಳ್ಳುವ ಮಂಡಲಿಗೆ ಇಂಥ ಕಟ್ಟುನಿಟ್ಟು ಅವಶ್ಯವೇ ಆಗಿದ್ದಿರಬಹುದು. ಇದು ಆಡಳಿತದ ಸಭೆ. ಇದನ್ನು ದೂಷಿಸುವುದು ನಮ್ಮ ಕೆಲಸವಲ್ಲ. ಆದರೆ ಸಭೆಯೆಂಬ ಶಬ್ದವು ಎಂಥ ಹೊಸ್ತಿಲನ್ನು ದಾಟಿ ನಮಗೆ ಬಂದಿದೆಯೆಂಬುದು ಇದರಿಂದ ತಿಳಿಯುತ್ತದೆ.

ನಮ್ಮ ಸಾಹಿತ್ಯವು ಇದೇ ಶಬ್ದವನ್ನು ಇನ್ನೊಂದು ಕಡೆಯಿಂದಲೂ ಪರೀಕ್ಷಿಸಿದೆ. ಕುಮಾರವ್ಯಾಸನ ಸಭಾಪರ್ವವನ್ನು ಪಾಠ ಹೇಳಿದ ಅಧ್ಯಾಪಕರಿಗೆಲ್ಲ ಇದು ಪರಿಚಿತವಾದುದೇ. ಭೀಷ್ಮ, ದ್ರೋಣ, ಕೃಪ, ವಿದುರರಂಥ ಸಭ್ಯರಿಂದ ತುಂಬಿದ ಸಭೆಯಲ್ಲಿ ದ್ರೌಪದಿಯು ಕೇಳಿದ ಪ್ರಶ್ನೆಗೆ ಉತ್ತರ ಹುಟ್ಟಲಿಲ್ಲ. ವಿದ್ಯೆ, ಕುಲ, ವಯಸ್ಸುಗಳ ಪರೀಕ್ಷೆಯಲ್ಲಿ ಅಲ್ಲಿದ್ದವರೆಲ್ಲ ಗೆದ್ದವರೇ. ಆದರೂ ಆ ಸಭೆಯು ಸಭೆಯಾಗಿ ಉಳಿಯಲಿಲ್ಲ. ಯೋಗ್ಯರು ಕೂಡಿದ ಮಾತ್ರಕ್ಕೆ ಕೂಟವು ಯೋಗ್ಯವಾಗುವುದಿಲ್ಲವೆಂಬುದನ್ನು ಕನ್ನಡ ಓದುಗನು ಬೈಬಲಿಗಿಂತ ಮೊದಲೇ ತನ್ನ ಭಾರತದಲ್ಲಿ ಕಲಿತಿದ್ದಾನೆ. ಅಂತೆಯೇ ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರು ಕಾಯಕವನ್ನೂ ಕುಲವನ್ನೂ ಎಣಿಸದೆ ಕೂಡಿದರು. ಬಸವಣ್ಣನವರು ತಮ್ಮನ್ನು ಎಲ್ಲರಿಗಿಂತ ಕಿರಿಯರೆಂದು ಹೇಳಿಕೊಂಡರು. ಪತಿತರನ್ನು ಪಾವನಗೊಳಿಸುವವನೆಂದು ದೇವರನ್ನು ಕರೆದ ದಾಸರ ಹಾಡುಗಳೂ ಇವೆ. ಹೀಗಿರಲಾಗಿ ಕ್ರೈಸ್ತರ ಅರ್ಥವು ಕನ್ನಡಕ್ಕೆ ತೀರ ಅಪರಿಚಿತವಾದ ನೆಲದಲ್ಲಿ ಬಿತ್ತಲ್ಪಡಲಿಲ್ಲ.

೩. ಎಕ್ಲೇಸಿಯ ಮತ್ತು ಕೊರಿಂಥದ ಜನ

ಗ್ರೀಕಿನ ಎಕ್ಲೇಸಿಯ ಶಬ್ದಕ್ಕೂ ಇಂಥದೇ ಹೊಸ್ತಿಲಿತ್ತು. ಅಥೆನ್ಸಿನಲ್ಲಿ ಅದು ಪೌರರ ಸಭೆ. ಸ್ತ್ರೀಯರಿಗೂ ದಾಸರಿಗೂ ಪರದೇಶೀಯರಿಗೂ ಅದರಲ್ಲಿ ಸ್ಥಳವಿರಲಿಲ್ಲ. ಯೆಹೂದ್ಯರ ಧರ್ಮಗ್ರಂಥಗಳನ್ನು ಗ್ರೀಕಿಗೆ ತಂದವರು ಇಸ್ರಾಯೇಲರ ಕೂಟಕ್ಕೆ ಈ ಶಬ್ದವನ್ನು ಬಳಸಿದರು. ಅಲ್ಲಿಂದ ಅದು ಯೇಸುವಿನ ಶಿಷ್ಯರ ಕೂಟಕ್ಕೆ ಬಂದಾಗ ಅದೇ ಶಬ್ದದೊಳಗೆ ದಾಸನೂ ಒಡೆಯನೂ, ಸ್ತ್ರೀಯೂ ಪುರುಷನೂ, ಯೆಹೂದ್ಯನೂ ಗ್ರೀಕನೂ ಒಟ್ಟಿಗೆ ಕುಳಿತರು. ಗ್ರೀಕಿನಲ್ಲಿ ಮೊದಲು ನಡೆದ ಈ ವಿಪರ್ಯಯವೇ ಸಾವಿರದ ಎಂಟುನೂರು ವರ್ಷಗಳ ಮೇಲೆ ಕನ್ನಡದಲ್ಲಿ ಮರಳಿ ನಡೆಯಿತು.

ಕೂತವರು ಹೇಗಿದ್ದರೆಂಬುದಕ್ಕೆ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರವೇ ಸಾಕ್ಷಿ. ಪತ್ರದ ಆರಂಭದಲ್ಲಿ ಅವನು ಅವರನ್ನು ಪರಿಶುದ್ಧರೆಂದು ಕರೆಯುತ್ತಾನೆ. ಕನ್ನಡ ಬೈಬಲು ಇದಕ್ಕೆ ‘ದೇವಜನರು’ ಎಂಬ ಶಬ್ದವನ್ನಿಟ್ಟಿದೆ. ಆದರೆ ಮುಂದಿನ ಅಧ್ಯಾಯಗಳಲ್ಲಿ ಈ ದೇವಜನರ ಸ್ಥಿತಿ ತೆರೆಯುತ್ತ ಹೋಗುತ್ತದೆ. ಅವರು ನಾನು ಈ ಗುರುವಿನವನು, ನಾನು ಆ ಗುರುವಿನವನು ಎಂದು ಪಂಗಡಗಳಾಗಿ ಒಡೆದಿದ್ದಾರೆ. ಒಬ್ಬರ ಮೇಲೊಬ್ಬರು ನ್ಯಾಯಸ್ಥಾನಕ್ಕೆ ಹೋಗಿದ್ದಾರೆ. ಸಭೆಯ ಊಟದಲ್ಲಿ ಉಳ್ಳವರು ಮೊದಲೇ ತಿಂದು ಕುಡಿದು ಮತ್ತರಾಗಿದ್ದಾರೆ; ಇಲ್ಲದವರು ಹಸಿದು ನಿಂತಿದ್ದಾರೆ. ಇವರನ್ನು ಪೌಲನು ಗದರಿಸುತ್ತಾನೆ, ನಾಚಿಸುತ್ತಾನೆ. ಆದರೂ ‘ದೇವಜನರು’ ಎಂಬ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಆ ಹೆಸರು ಅವರ ನಡತೆಗೆ ಕೊಟ್ಟ ಬಿರುದಲ್ಲ. ಅವರನ್ನು ಕರೆದವನ ಉದ್ದೇಶವನ್ನು ಹೇಳುವ ಹೆಸರು. ಇರುವುದಕ್ಕಲ್ಲ, ಆಗಬೇಕಾದುದಕ್ಕೆ ಇಟ್ಟ ಹೆಸರು. ಕ್ರೈಸ್ತಸಭೆಯು ಪರಿಶುದ್ಧವೆಂದೂ ಪಾಪಿಗಳದೆಂದೂ ಒಂದೇ ಉಸಿರಿನಲ್ಲಿ ಹೇಳಲ್ಪಡುವುದರ ಅರ್ಥ ಇಷ್ಟೇ.

೪. ಗೋದಿಯೂ ಹಣಜಿಯೂ

ಈ ಅರ್ಥವು ಜಗಳವಿಲ್ಲದೆ ಸ್ಥಿರವಾದುದಲ್ಲ. ಕ್ರಿ. ಶ. ೩೦೩ರಲ್ಲಿ ರೋಮ ಚಕ್ರವರ್ತಿಯಾದ ಡಯೊಕ್ಲೀಷಿಯನ್ನನು ಕ್ರೈಸ್ತರನ್ನು ಹಿಂಸಿಸಲು ತೊಡಗಿದಾಗ ಉತ್ತರ ಆಫ್ರಿಕದ ಕೆಲವು ಬೋಧಕರು ಪ್ರಾಣಭಯದಿಂದ ಧರ್ಮಗ್ರಂಥಗಳನ್ನು ಅಧಿಕಾರಿಗಳಿಗೆ ಒಪ್ಪಿಸಿಬಿಟ್ಟರು. ಹಿಂಸೆ ನಿಂತ ಮೇಲೆ ಪ್ರಶ್ನೆ ಹುಟ್ಟಿತು: ಹೀಗೆ ಬಿದ್ದವರಿಗೆ ಸಭೆಯಲ್ಲಿ ಸ್ಥಳವುಂಟೇ? ಅವರ ಕೈಯಿಂದ ಪಡೆದ ಸಂಸ್ಕಾರವು ಸಂಸ್ಕಾರವೇ? ಡೊನಾಟನ ಅನುಯಾಯಿಗಳು ಇಲ್ಲವೆಂದರು. ಶುದ್ಧರ ಸಭೆಯನ್ನು ಬೇರೆಯಾಗಿ ಕಟ್ಟಿಕೊಂಡರು. ನೂರು ವರ್ಷ ನಡೆದ ಈ ವಾದವು ೪೧೧ರಲ್ಲಿ ಕಾರ್ತೇಜಿನ ಮಹಾಸಂವಾದದಲ್ಲಿ ತೀರ್ಮಾನಕ್ಕೆ ಬಂದಿತು. ಕಥೋಲಿಕರ ಪಕ್ಷದಲ್ಲಿ ಮುಖ್ಯನಾದವನು ಹಿಪ್ಪೊ ನಗರದ ಅಗಸ್ತೀನನು.

ಅಗಸ್ತೀನನ ಆಧಾರವು ಮತ್ತಾಯನ ಸುವಾರ್ತೆಯ ಹದಿಮೂರನೆಯ ಅಧ್ಯಾಯದ ಸಾಮ್ಯ. ಹೊಲದಲ್ಲಿ ಒಡೆಯನು ಗೋದಿಯನ್ನು ಬಿತ್ತಿದನು. ವೈರಿಯು ಇರುಳಿನಲ್ಲಿ ಬಂದು ಕಳೆಯನ್ನು ಬಿತ್ತಿದನು. ಆಳುಗಳು ಕಿತ್ತುಹಾಕೋಣವೇ ಎಂದರೆ ಒಡೆಯನು ಬೇಡವೆಂದನು. ಕಳೆಯೊಂದಿಗೆ ಗೋದಿಯೂ ಕಿತ್ತುಬಂದೀತು, ಸುಗ್ಗಿಯವರೆಗೆ ಎರಡೂ ಬೆಳೆಯಲಿ ಎಂದನು. ಈ ಕಳೆಗೆ ಕನ್ನಡ ಬೈಬಲು ‘ಹಣಜಿ’ ಎಂಬ ಹೆಸರನ್ನಿಟ್ಟಿದೆ. ಮೂಲದಲ್ಲಿ ಹೇಳಿರುವ ಕಳೆಯು ತೆನೆಯೊಡೆಯುವವರೆಗೂ ಗೋದಿಯಂತೆಯೇ ಕಾಣುವ ಜಾತಿಯದು. ಮಲಪ್ರಭೆಯ ದಂಡೆಯಲ್ಲಿ ಭತ್ತದ ಗದ್ದೆಯ ಕಳೆ ತೆಗೆದ ಖಾನಾಪುರದ ರೈತನಿಗೆ ಈ ಕಥೆಯ ತರ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ: ಪೈರಿನಂತೆಯೇ ಇರುವ ಕಳೆಯನ್ನು ಕೈಗೆ ಬಂದಂತೆ ಕೀಳುವವನು ತನ್ನ ಪೈರನ್ನೂ ಕೀಳುತ್ತಾನೆ.

ಡೊನಾಟನ ಪಕ್ಷದವರು ಇದಕ್ಕೆ ಕೊಟ್ಟ ಉತ್ತರವು ಭಾಷಾವಿಚಾರಕರ ಗಮನಕ್ಕೆ ಅರ್ಹವಾದುದು. ಹೊಲವೆಂದರೆ ಲೋಕವೆಂದು ಆ ಸುವಾರ್ತೆಯೇ ಅರ್ಥ ಹೇಳಿದೆ, ಸಭೆಯೆಂದು ಹೇಳಿಲ್ಲ, ಆದುದರಿಂದ ಲೋಕದಲ್ಲಿ ಕಳೆಯಿರಲಿ, ಸಭೆಯಲ್ಲಿ ಬೇಡ ಎಂದರು ಅವರು. ಅಕ್ಷರಶಃ ನೋಡಿದರೆ ಅವರ ಮಾತಿನಲ್ಲಿ ಬಲವಿದೆ. ಆದರೆ ಸಭೆಯು ಲೋಕದಾದ್ಯಂತ ಹರಡಿರುವಾಗ ಸಭೆಯ ಹೊಲವೂ ಲೋಕವೇ ಎಂಬುದು ಅಗಸ್ತೀನನ ವಾದ. ಅದಕ್ಕಿಂತ ಮುಖ್ಯವಾಗಿ, ಯಾರು ಗೋದಿ ಯಾರು ಹಣಜಿ ಎಂಬುದು ಸುಗ್ಗಿಗೆ ಮೊದಲು ಆಳುಗಳಿಗೆ ತಿಳಿಯದು. ಇಂದು ಕಳೆಯಂತಿರುವವನು ನಾಳೆ ಕಾಳಾಗಬಹುದು. ಸಾಮ್ಯದಲ್ಲಿ ಹೊಲವನ್ನು ಹಸನು ಮಾಡುವ ಉತ್ಸಾಹವಿದ್ದುದು ಆಳುಗಳಿಗೆ, ತಾಳ್ಮೆಯಿದ್ದುದು ಒಡೆಯನಿಗೆ.

೫. ಬೆಳಗಾವಿ: ಒಂದು ಊರು, ಎರಡು ಬಾಗಿಲು

ಈ ವಾದದ ಎರಡು ಪಕ್ಷಗಳೂ ರೂಪಾಂತರದಲ್ಲಿ ಬೆಳಗಾವಿಗೆ ಬಂದುದನ್ನು ಇನ್ನು ನೋಡಬಹುದು. ೧೮೧೮ರ ವಸಂತದಲ್ಲಿ ಬೆಳಗಾವಿಯ ಕೋಟೆ ಇಂಗ್ಲಿಷರ ವಶವಾಗಿ ಊರಿನ ಪಕ್ಕದಲ್ಲಿ ದಂಡು ನೆಲಸಿತು. ೧೮೨೦ರಲ್ಲಿ ಬಳ್ಳಾರಿಯಿಂದ ಜೋಸೆಫ್ ಟೇಲರ್ ಅವರು ಬಂದು ಲಂಡನ್ ಮಿಷನರಿ ಸೊಸೈಟಿಯ ಕೆಲಸವನ್ನು ಆರಂಭಿಸಿದರು. ಕೆಲವು ವರ್ಷಗಳ ಮೇಲೆ ವಿಲಿಯಂ ಬೆನನ್ ಅವರು ಜೊತೆಗೂಡಿದರು. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಅವರು ೧೮೧೦ರಿಂದ ನೆಲಸಿ ಬೈಬಲನ್ನು ಕನ್ನಡಕ್ಕೆ ತರುತ್ತಿದ್ದ ಕಾಲವದು. ಕನ್ನಡದ ಪೂರ್ಣ ಬೈಬಲು ೧೮೩೧ರಲ್ಲಿ ಹೊರಬಂದಿತು. ಬೆನನ್ ಅವರ ಹೆಸರು ಬೆಳಗಾವಿಯ ಬೆನನ್ ಸ್ಮಿತ್ ವಿದ್ಯಾಸಂಸ್ಥೆಯಲ್ಲಿ ಉಳಿದಿದೆ.

ಈ ಸೊಸೈಟಿಯು ೧೭೯೫ರಲ್ಲಿ ಹುಟ್ಟಿದುದು. ೧೭೯೬ರಲ್ಲಿ ಅದು ಒಂದು ಮೂಲತತ್ತ್ವವನ್ನು ಅಂಗೀಕರಿಸಿತು: ಯಾವುದೊಂದು ಪಂಗಡದ ಸಭಾಕ್ರಮವನ್ನೂ ಹೊರದೇಶಗಳಿಗೆ ಒಯ್ಯತಕ್ಕದ್ದಲ್ಲ, ಸಭೆಯ ರೂಪವನ್ನು ಅಲ್ಲಲ್ಲಿನ ವಿಶ್ವಾಸಿಗಳೇ ನಿರ್ಣಯಿಸಿಕೊಳ್ಳಲಿ ಎಂಬುದು. ಆದರೂ ಸೊಸೈಟಿಯ ಪೋಷಕರಲ್ಲಿ ಬಹುಮಂದಿ ಸ್ವತಂತ್ರ ಸಭೆಗಳವರಾದುದರಿಂದ ಅವರ ಸಂಪ್ರದಾಯವೂ ಜೊತೆಗೆ ಬಂದಿತು. ಆ ಸಂಪ್ರದಾಯದಲ್ಲಿ ಸಭೆಯೆಂದರೆ ಬಾಳು ತಿದ್ದಿಕೊಂಡವರ ಕೂಟ. ಕರ್ತನ ಭೋಜನದ ಪಂಕ್ತಿಗೆ ಬರುವವನು ತನ್ನ ನಂಬಿಕೆಯನ್ನೂ ನಡತೆಯನ್ನೂ ಸಭೆಯ ಮುಂದೆ ಪ್ರಮಾಣೀಕರಿಸಬೇಕು. ಇದು ಡೊನಾಟನ ಮತವಲ್ಲ. ಆದರೆ ಬಾಗಿಲಲ್ಲಿ ಪರೀಕ್ಷೆಯನ್ನಿಡುವ ಕ್ರಮ.

೧೯೦೪ರಲ್ಲಿ ಲಂಡನ್ ಸೊಸೈಟಿಯು ಬೆಳಗಾವಿಯ ಕೆಲಸವನ್ನು ಮೆಥೊಡಿಸ್ಟ್ ಎಪಿಸ್ಕೋಪಲ್ ಸಭೆಗೆ ಒಪ್ಪಿಸಿತು. ಕೆಲಸದೊಂದಿಗೆ ಬಾಗಿಲಿನ ಕ್ರಮವೂ ಬದಲಾಯಿತು. ಜಾನ್ ವೆಸ್ಲಿಯು ೧೭೪೩ರಲ್ಲಿ ತನ್ನ ಸಂಘಗಳಿಗೆ ಬರೆದ ಸಾಮಾನ್ಯ ನಿಯಮಗಳಲ್ಲಿ ಪ್ರವೇಶಕ್ಕೆ ಒಂದೇ ಷರತ್ತಿದೆ: ಮುಂಬರುವ ಕೋಪದಿಂದಲೂ ತನ್ನ ಪಾಪಗಳಿಂದಲೂ ಬಿಡುಗಡೆ ಹೊಂದಬೇಕೆಂಬ ಇಚ್ಛೆ. ಸಾಧನೆಯಲ್ಲ, ಇಚ್ಛೆ. ಒಳಗೆ ಬಂದ ಮೇಲಾದರೋ ಕೆಡಕನ್ನು ಬಿಡು, ಒಳ್ಳೆಯದನ್ನು ಮಾಡು, ದೇವರಾರಾಧನೆಯ ಕ್ರಮಗಳನ್ನು ಪಾಲಿಸು ಎಂಬ ನಿಯಮಗಳು ಕಾಯುತ್ತಿದ್ದವು. ಬಾಗಿಲು ಅಗಲ, ಒಳಗಿನ ದಾರಿ ಇಕ್ಕಟ್ಟು. ಸುಮಾರು ಹನ್ನೆರಡು ಮಂದಿಯ ಚಿಕ್ಕ ವರ್ಗಗಳಲ್ಲಿ ಅವರು ವಾರಕ್ಕೊಮ್ಮೆ ಕೂಡಿ ತಮ್ಮ ತಮ್ಮ ಸೋಲುಗಳನ್ನು ಹೇಳಿಕೊಳ್ಳುತ್ತಿದ್ದರು. ಈ ವರ್ಗಗಳು ಹುಟ್ಟಿದ ಬಗೆಯೂ ಬೋಧಪ್ರದವಾದುದು. ೧೭೪೨ರಲ್ಲಿ ಬ್ರಿಸ್ಟಲ್ ನಗರದ ಕೂಟಮಂದಿರದ ಸಾಲವನ್ನು ತೀರಿಸಲು ವಾರಕ್ಕೊಂದು ಪೆನ್ನಿಯಂತೆ ವಸೂಲು ಮಾಡಲು ಮನೆಮನೆಗೆ ಹೋದ ಮುಖಂಡರು ಅಲ್ಲಲ್ಲಿ ಕುಡಿತವನ್ನೂ ಜಗಳವನ್ನೂ ಕಂಡು ಬಂದು ಹೇಳಿದರು. ಸಾಲದ ವಸೂಲಿಯು ಹೀಗೆ ಆತ್ಮಗಳ ವಿಚಾರಣೆಯಾಗಿ ಪರಿಣಮಿಸಿತು.

ಆದುದರಿಂದ ಬೆಳಗಾವಿಯ ಪ್ರೊಟೆಸ್ಟೆಂಟ್ ಸಭೆಯು ಸಭ್ಯತೆಯ ಪ್ರಶ್ನೆಗೆ ಎರಡು ಕ್ರಮಗಳಲ್ಲಿ ಉತ್ತರ ಹೇಳಿದ ಸಭೆ. ತಿದ್ದಿಕೊಂಡು ಬಾ ಎಂಬುದು ಒಂದು; ಬಂದು ತಿದ್ದಿಕೊ ಎಂಬುದು ಇನ್ನೊಂದು. ಮೊದಲನೆಯದರಲ್ಲಿ ಪ್ರಾಮಾಣಿಕತೆಯಿದೆ, ಆದರೆ ಬಾಗಿಲಲ್ಲಿ ನಿಂತು ಪರೀಕ್ಷಿಸುವವನು ತನ್ನನ್ನು ಪರೀಕ್ಷಿಸಿಕೊಳ್ಳುವುದನ್ನು ಮರೆಯುವ ಭಯವಿದೆ. ಎರಡನೆಯದರಲ್ಲಿ ಔದಾರ್ಯವಿದೆ, ಆದರೆ ವರ್ಗಗಳ ಶಿಸ್ತು ಸಡಿಲವಾದಲ್ಲಿ ಬಂದವನು ತಿದ್ದಿಕೊಳ್ಳದೆಯೇ ಉಳಿಯುವ ಭಯವಿದೆ.

ಹಳ್ಳಿಗಳ ದಲಿತ ಕೇರಿಗಳಿಂದ ಕುಟುಂಬಗಳು ಗುಂಪಾಗಿ ಸಭೆಗೆ ಬಂದಾಗ ಈ ಪ್ರಶ್ನೆಯು ಗ್ರಂಥದಿಂದ ಇಳಿದು ಬೀದಿಗೆ ಬಂದಿತು. ಅಕ್ಷರ ಬಾರದವರು, ಸಾಲದಲ್ಲಿ ಮುಳುಗಿದವರು, ಹಳೆಯ ಪದ್ಧತಿಗಳನ್ನು ಒಮ್ಮೆಗೇ ಬಿಡಲಾರದವರು ಬಾಗಿಲಲ್ಲಿ ನಿಂತಾಗ ನಂಬಿಕೆಯ ಪ್ರಮಾಣವೇನೆಂದು ಕೇಳುವುದು ಸುಲಭ. ಆದರೆ ಊರಿನ ಯಾವ ಸಭೆಯೂ ಹಿಂದೆಂದೂ ಒಳಗೆ ಕರೆಯದ ಜನರಿಗೆ ‘ಸಭೆಯವರು’ ಎಂಬ ಹೆಸರು ಬಂದಿತೆಂಬುದನ್ನು ಶಬ್ದದ ಚರಿತ್ರೆ ಬಲ್ಲವನು ಲಘುವಾಗಿ ಎಣಿಸಲಾರನು. ಸಭಾ ಶಬ್ದದ ಸಾವಿರಾರು ವರ್ಷಗಳ ಗೆರೆಯನ್ನು ಅದು ಅಡ್ಡಲಾಗಿ ದಾಟಿತು.

೬. ಖಾನಾಪುರ: ಗೋವೆಯ ದಾರಿ

ಖಾನಾಪುರ ತಾಲೂಕು ಸಹ್ಯಾದ್ರಿಯ ನೆತ್ತಿಯಲ್ಲಿದೆ. ಮಲಪ್ರಭೆಯು ಅಲ್ಲಿಯ ಕಣಕುಂಬಿಯಲ್ಲಿ ಹುಟ್ಟುತ್ತದೆ. ಕನ್ನಡ, ಮರಾಠಿ, ಕೊಂಕಣಿಗಳು ಅಲ್ಲಿ ಒಂದೇ ಸಂತೆಯಲ್ಲಿ ವ್ಯಾಪಾರ ಮಾಡುತ್ತವೆ. ೧೮೮೦ರ ದಶಕದಲ್ಲಿ ಮರ್ಮಗೋವೆಯ ಬಂದರಿಗೆ ರೈಲುದಾರಿಯಾದ ಮೇಲೆ ತಾಲೂಕಿನ ಲೋಂಡಾ ರೈಲುಕೂಡುದಾಣವಾಯಿತು; ಗೋವೆಯ ಕಥೋಲಿಕರ ಬರವು ಸುಗಮವಾಯಿತು. ಇಗರ್ಜಿ, ಪಾದ್ರಿ ಮುಂತಾದ ಶಬ್ದಗಳು ಈ ದಾರಿಯವು. ೧೯೫೩ರ ಸೆಪ್ಟೆಂಬರ್ ೧೯ರಂದು ಬೆಳಗಾವಿಯ ಕಥೋಲಿಕ ಧರ್ಮಪ್ರಾಂತವು ಸ್ಥಾಪಿತವಾಗಿ, ಅದುವರೆಗೆ ಹೊರಗಿನ ಪೀಠಗಳ ಅಧೀನವಾಗಿದ್ದ ಈ ಪ್ರದೇಶಕ್ಕೆ ತನ್ನದೇ ಆದ ಪೀಠ ದೊರೆಯಿತು.

ಕಥೋಲಿಕರಲ್ಲಿ ಸಭೆಯ ಬಾಗಿಲು ಶಿಶುವಿನ ಜ್ಞಾನಸ್ನಾನ. ಯೋಗ್ಯತೆಯನ್ನು ಸಂಪಾದಿಸುವ ಮೊದಲೇ, ಮಾತೇ ಬಾರದಿರುವಾಗಲೇ ಒಳಗೆ ಬಂದವನಿಗೆ ಸಭ್ಯತೆಯ ಗರ್ವಕ್ಕೆ ಕಾರಣವಿರಬಾರದು. ಹಾಗಿದ್ದರೂ ಪ್ರತಿಯೊಂದು ಬಲಿಪೂಜೆಯೂ ಪಾಪನಿವೇದನೆಯಿಂದಲೇ ಆರಂಭವಾಗುತ್ತದೆ. ನಿವೇದಿಸುವವರಲ್ಲಿ ಮೊದಲಿಗನು ಪೂಜೆಯನ್ನರ್ಪಿಸುವ ಗುರುವೇ. ಪರಮಪ್ರಸಾದವನ್ನು ಸ್ವೀಕರಿಸುವ ಮುನ್ನ ಎಲ್ಲರೂ ತಾವು ಅದಕ್ಕೆ ಯೋಗ್ಯರಲ್ಲವೆಂದು ಹೇಳಿಯೇ ಸ್ವೀಕರಿಸುತ್ತಾರೆ. ಮೆಥೊಡಿಸ್ಟರ ಕರ್ತನ ಭೋಜನದ ಕ್ರಮದಲ್ಲಿಯೂ ಸಾಮಾನ್ಯ ಪಾಪನಿವೇದನೆಯು ಪಂಕ್ತಿಗೆ ಮೊದಲು ಬರುತ್ತದೆ. ಅಂತೂ ಉತ್ತರಮೇರೂರಿನ ಸಭೆಗೆ ಅರ್ಹತೆಯೇ ಅರ್ಹತೆ; ಈ ಸಭೆಗೆ ಅನರ್ಹತೆಯನ್ನೊಪ್ಪಿಕೊಳ್ಳುವುದೇ ಅರ್ಹತೆ.

ಹೀಗೆ ಹೇಳುವುದು ಸುಲಭ, ನಡೆದುಬಂದುದು ಬೇರೆ. ಗೋವೆಯ ಅನೇಕ ಹಳ್ಳಿಗಳಲ್ಲಿ ಇಗರ್ಜಿಯ ಉತ್ಸವಗಳನ್ನು ನಡೆಸುವ ಕೊಂಫ್ರಾರಿಗಳು, ಎಂದರೆ ಭ್ರಾತೃಸಂಘಗಳು, ಜಾತಿಗೆ ಮೀಸಲಾಗಿದ್ದವು. ಯಾರು ಯಾವ ಬಣ್ಣದ ನಿಲುವಂಗಿ ಧರಿಸಬೇಕೆಂಬ ಮಾತಿಗೆ ವ್ಯಾಜ್ಯಗಳಾದುವು. ಪ್ರೊಟೆಸ್ಟೆಂಟರಲ್ಲಿಯೂ ದಕ್ಷಿಣ ಭಾರತದ ಸಭೆಗಳಲ್ಲಿ ಬೇರೆ ಬೇರೆ ಜಾತಿಯವರು ಬೇರೆ ಬೇರೆ ಸ್ಥಳಗಳಲ್ಲಿ ಕುಳಿತ ಉದಾಹರಣೆಗಳಿದ್ದವು. ೧೮೩೩ರಲ್ಲಿ ಕಲಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ ಅವರು ಸಭೆಯೊಳಗೆ ಜಾತಿಯನ್ನು ಕೂಡಲೇ ಕೊನೆಗೊಳಿಸಬೇಕೆಂದು ಆಜ್ಞಾಪಿಸಿದರು. ೧೮೫೦ರಲ್ಲಿ ಮದರಾಸಿನ ಮಿಷನರಿ ಸಮ್ಮೇಳನವು ಜಾತಿಯನ್ನು ಬಿಟ್ಟುದನ್ನು ಸಹಭೋಜನದಿಂದ ತೋರಿಸದವರನ್ನು ಸಭೆಗೆ ಸೇರಿಸಿಕೊಳ್ಳಬಾರದೆಂದು ನಿರ್ಣಯಿಸಿತು.

ಇಲ್ಲೊಂದು ವಿರೋಧಾಭಾಸವಿರುವಂತೆ ತೋರಬಹುದು. ಎಲ್ಲರನ್ನೂ ಬರಮಾಡಿಕೊಳ್ಳುವ ಸಭೆಯು ಜಾತಿಯನ್ನು ಬಿಡದವನನ್ನು ಹೊರಗಿಟ್ಟರೆ ಅದೂ ಪರೀಕ್ಷೆಯೇ ಆಯಿತಲ್ಲವೆ? ಪರ್ಯಾಲೋಚಿಸಿದರೆ ಹಾಗಲ್ಲವೆಂದು ತಿಳಿಯುತ್ತದೆ. ಕುಡುಕನು ಕುಡುಕನಾಗಿ ಬಂದರೆ ತನ್ನ ಕುಂದನ್ನು ಕುಂದೆಂದು ತಿಳಿದು ಬರುತ್ತಾನೆ. ಪಕ್ಕದವನ ಸ್ಥಳವನ್ನು ಕಸಿಯುವುದಿಲ್ಲ. ಜಾತಿಯನ್ನು ಹೊತ್ತು ಬಂದವನು ತನ್ನ ಕುಂದನ್ನು ಯೋಗ್ಯತೆಯೆಂದು ತಿಳಿದು ಬರುತ್ತಾನೆ. ಪಕ್ಕದವನನ್ನು ಎಬ್ಬಿಸಿ ಕುಳಿತುಕೊಳ್ಳುತ್ತಾನೆ. ಸ್ವಾಗತವನ್ನೇ ಮುರಿಯುವುದನ್ನು ತಡೆಯುವ ನಿಯಮವು ಸ್ವಾಗತದ ಅಂಗವೇ ಹೊರತು ಅದಕ್ಕೆ ಅಪವಾದವಲ್ಲ. ಹೊಸ ಒಡಂಬಡಿಕೆಯ ಯಾಕೋಬನ ಪತ್ರವು ಚಿನ್ನದ ಉಂಗುರದವನಿಗೆ ಒಳ್ಳೆಯ ಪೀಠವನ್ನೂ ಬಡವನಿಗೆ ಕಾಲ್ಮಣೆಯ ಬಳಿಯ ನೆಲವನ್ನೂ ತೋರಿಸುವ ಸಭೆಯನ್ನು ಖಂಡಿಸುವುದು ಇದೇ ಕಾರಣದಿಂದ.

ಆ ನಿರ್ಣಯಗಳಿಂದ ರೋಗವು ತೀರಿತೆಂದು ಹೇಳುವಂತಿಲ್ಲ. ೨೦೧೬ರ ಡಿಸೆಂಬರಿನಲ್ಲಿ ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಲಿಯು ಪ್ರಕಟಿಸಿದ ದಲಿತಸಬಲೀಕರಣದ ನೀತಿಯು ಧರ್ಮಸಭೆಯೊಳಗೂ ಅಸ್ಪೃಶ್ಯತೆ ಉಳಿದಿದೆಯೆಂದು ಒಪ್ಪಿಕೊಂಡಿತು. ದಲಿತ ಕ್ರೈಸ್ತರ ಸಂಕಟಕ್ಕೆ ಹೊರಗಿನಿಂದಲೂ ಒಂದು ಗೆರೆ ಕೂಡಿದೆ. ೧೯೫೦ರ ರಾಷ್ಟ್ರಪತಿಗಳ ಆಜ್ಞೆಯು ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. ೧೯೫೬ರಲ್ಲಿ ಸಿಖ್ಖರನ್ನೂ ೧೯೯೦ರಲ್ಲಿ ಬೌದ್ಧರನ್ನೂ ಸೇರಿಸಿದ ತಿದ್ದುಪಡಿಗಳು ಕ್ರೈಸ್ತರನ್ನು ಸೇರಿಸಲಿಲ್ಲ. ಊರಿನ ದೃಷ್ಟಿಯಲ್ಲಿ ಜಾತಿ ಉಳಿಯಿತು, ಸರಕಾರದ ಕಾಗದದಲ್ಲಿ ಅಳಿಯಿತು. ಇಂಥವನಿಗೆ ಸಭೆಯ ಒಳಗೂ ನೆಲವೇ ಗತಿಯಾದರೆ ‘ಸಭೆ’ ಎಂಬ ಅನುವಾದವು ಸೋತಿತೆಂದೇ ಹೇಳಬೇಕು.

ಭಾಷೆಯ ಪ್ರಶ್ನೆಯೂ ಇದರೊಂದಿಗೆ ಸೇರಿದೆ. ಪೂಜೆಯು ಲ್ಯಾಟಿನ್ನಿನಲ್ಲಿದ್ದ ಕಾಲದಲ್ಲಿ ಅದು ಕೊಂಕಣಿಗನಿಗೂ ಕನ್ನಡಿಗನಿಗೂ ಮರಾಠಿಗನಿಗೂ ಸಮಾನವಾಗಿ ಪರಭಾಷೆ. ಆದುದರಿಂದ ಒಂದು ಬಗೆಯಲ್ಲಿ ಯಾರೂ ಹೊರಗಿನವರಲ್ಲ. ೧೯೬೨ರಿಂದ ೧೯೬೫ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು ಪೂಜೆಗೆ ಜನರ ಭಾಷೆಯನ್ನು ತಂದಿತು. ಜನರು ಅರ್ಥವನ್ನರಿತು ಪ್ರಾರ್ಥಿಸುವಂತಾದುದು ದೊಡ್ಡ ಲಾಭ. ಆದರೆ ಬೆಳಗಾವಿಯಂಥ ಗಡಿನಾಡಿನಲ್ಲಿ ಯಾರ ಭಾಷೆ ಎಂಬ ಹೊಸ ಪ್ರಶ್ನೆಯೂ ಅದರ ಬೆನ್ನಿಗೇ ಹುಟ್ಟಿತು. ಸ್ವಾಗತದ ಮಾತನ್ನು ಒಂದು ಭಾಷೆಯಲ್ಲಿಯೇ ಆಡಬೇಕಾಗುವುದರಿಂದ, ಆಡಿದ ಕ್ಷಣವೇ ಇನ್ನೊಬ್ಬನು ಅತಿಥಿಯಾಗುತ್ತಾನೆ. ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಭಾಷೆಯ ಪೂಜೆಯನ್ನಿಡುವುದು ಅನುಕೂಲವೇ ಸರಿ. ಆದರೆ ಒಂದೇ ಛಾವಣಿಯಡಿಯಲ್ಲಿ ಒಬ್ಬರನ್ನೊಬ್ಬರು ಕಾಣದ ಸಭೆಗಳಾಗದಂತೆ ನೋಡಿಕೊಳ್ಳುವುದು ಕಷ್ಟ. ಕನ್ನಡದ ನೆಲದ ನುಡಿಗಟ್ಟನ್ನೇ ಹಿಡಿದ ಒಂದು ಪ್ರಯತ್ನ ಬೆಳಗಾವಿ ಜಿಲ್ಲೆಯ ದೇಶನೂರಿನಲ್ಲಿದೆ. ಗೋವೆಯ ಯೇಸುಸಭೆಯ ಗುರುಗಳು ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅಲ್ಲಿ ಸ್ನಾನಿಕ ಅರುಳಪ್ಪನವರ ಹೆಸರಿನಲ್ಲಿ ವಿರಕ್ತಮಠವನ್ನು ಕಟ್ಟಿ, ಸ್ವಾಮಿಗಳಾಗಿ ಹಳ್ಳಿಯವರ ನಡುವೆ ಬಾಳಿದರು. ಇಲ್ಲಿ ಅತಿಥಿಯ ಸ್ಥಾನವನ್ನು ಸ್ವೀಕರಿಸಿದವರು ಬಂದ ಗುರುಗಳೇ, ಆತಿಥೇಯವಾದುದು ಕನ್ನಡ.

೭. ಒಂದು ಆಕ್ಷೇಪಣೆ

ಕುಂದುಳ್ಳವರ ಸಭೆಯೆಂಬ ಮಾತು ಕುಂದಿಗೆ ಆಶ್ರಯವಾಗುವುದಿಲ್ಲವೆ? ಎಲ್ಲರೂ ಪಾಪಿಗಳೇ ಎಂಬುದು ತಪ್ಪಿತಸ್ಥನಿಗೆ ಒಳ್ಳೆಯ ಮುಸುಕಾಗದೆ? ಈ ಆಕ್ಷೇಪಣೆಯು ನ್ಯಾಯವಾದುದು.

ಇದಕ್ಕೆ ಸುವಾರ್ತೆಯ ಶಬ್ದಪ್ರಯೋಗವೇ ಉತ್ತರ ಕೊಡುತ್ತದೆ. ಎಕ್ಲೇಸಿಯ ಶಬ್ದವು ನಾಲ್ಕು ಸುವಾರ್ತೆಗಳಲ್ಲಿ ಮತ್ತಾಯನದರಲ್ಲಿ ಮಾತ್ರ, ಅದರಲ್ಲಿಯೂ ಎರಡು ಅಧ್ಯಾಯಗಳಲ್ಲಿ ಮಾತ್ರ ಬರುತ್ತದೆ. ಹದಿನಾರನೆಯ ಅಧ್ಯಾಯದಲ್ಲಿ ಬಂಡೆಯ ಮೇಲೆ ಸಭೆಯನ್ನು ಕಟ್ಟುವ ವಾಗ್ದಾನವಿದೆ. ಹದಿನೆಂಟನೆಯದರಲ್ಲಿರುವುದು ತಪ್ಪುಮಾಡಿದ ಸಹೋದರನ ವಿಚಾರಣೆ: ಮೊದಲು ಒಬ್ಬನೇ ಹೋಗಿ ತಿಳಿಸು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು, ಆಗಲೂ ಕೇಳದಿದ್ದರೆ ಸಭೆಗೆ ಹೇಳು. ಎಂದರೆ ಸಭೆಯು ಸುವಾರ್ತೆಯಲ್ಲಿ ಎರಡನೆಯ ಸಲ ಕಾಣಿಸಿಕೊಳ್ಳುವುದೇ ತಪ್ಪನ್ನು ತಪ್ಪೆಂದು ಕೇಳುವ ಸ್ಥಳವಾಗಿ. ಅದರ ಬೆನ್ನಿಗೇ ಎಷ್ಟು ಸಲ ಕ್ಷಮಿಸಬೇಕೆಂಬ ಪೇತ್ರನ ಪ್ರಶ್ನೆಯೂ ಎಣಿಕೆಯನ್ನೇ ಬಿಡಿಸುವ ಉತ್ತರವೂ ಬರುತ್ತವೆ. ವಿಚಾರಣೆಯಿಲ್ಲದ ಕ್ಷಮೆಯನ್ನಾಗಲಿ ಕ್ಷಮೆಯಿಲ್ಲದ ವಿಚಾರಣೆಯನ್ನಾಗಲಿ ಆ ಅಧ್ಯಾಯವು ಬಲ್ಲುದಲ್ಲ. ಪೌಲನೂ ಕೊರಿಂಥದಲ್ಲಿ ಘೋರವಾದ ತಪ್ಪು ಮಾಡಿದವನನ್ನು ಹೊರಗೆ ಹಾಕಿರೆಂದನು. ಎರಡನೆಯ ಪತ್ರದಲ್ಲಿ, ದಂಡನೆಗೊಳಗಾದ ಒಬ್ಬನು ದುಃಖದಲ್ಲಿ ಮುಳುಗಿಹೋಗದಂತೆ ಕ್ಷಮಿಸಿ ಸಂತೈಸಿರೆಂದು ಬರೆದನು.

ಇಲ್ಲಿ ಮತ್ತೆ ದ್ರೌಪದಿಯ ಪ್ರಶ್ನೆ ಎದುರಾಗುತ್ತದೆ. ತಪ್ಪು ಮಾಡಿದವನಿಗೆ ಪೀಠವನ್ನು ಕೊಟ್ಟು ತಪ್ಪಿಗೀಡಾದವಳಿಗೆ ಮೌನವನ್ನು ಕಲಿಸಿದ ಸಭೆಯು ಕೌರವಸಭೆಯೇ, ಅದರ ಗೋಪುರದ ಮೇಲೆ ಶಿಲುಬೆಯಿದ್ದರೂ ಸಹ. ಜಗತ್ತಿನ ಅನೇಕ ಕಡೆಗಳಲ್ಲಿ ಗುರುಗಳ ದುರಾಚಾರವನ್ನು ಮುಚ್ಚಿಟ್ಟ ಚರಿತ್ರೆಯಿಂದ ಧರ್ಮಸಭೆಯು ಇದನ್ನು ಬಹು ತಡವಾಗಿ ಕಲಿತಿದೆ. ಅಂಥ ದೂರುಗಳನ್ನು ಧರ್ಮಾಧಿಕಾರಿಗಳಿಗೆ ತಿಳಿಸುವುದು ಗುರುಗಳಿಗೂ ಸಂನ್ಯಾಸಿನಿಯರಿಗೂ ಕಡ್ಡಾಯವೆಂದು ಪೋಪ್ ಫ್ರಾನ್ಸಿಸ್ ಅವರು ೨೦೧೯ರಲ್ಲಿ ವಿಧಿಸಿದರು. ಕುಂದುಳ್ಳವರ ಸಭೆಯಲ್ಲಿ ಮೊದಲ ಸ್ವಾಗತವು ನೊಂದವರಿಗೆ ಸಲ್ಲತಕ್ಕದ್ದು. ಏಕೆಂದರೆ ನೋಯಿಸಿದವನ ಗುಣವೂ ಅವರ ಮಾತನ್ನು ಕೇಳುವುದರಿಂದಲೇ ಆರಂಭವಾಗಬೇಕು.

೮. ಉಪಸಂಹಾರ

ಮೇಲ್ಕಂಡ ವಿಚಾರದಿಂದ ತೋರುವುದೇನೆಂದರೆ, ‘ಸಭೆ’ ಎಂಬ ಅನುವಾದವು ಒಂದು ದೃಷ್ಟಿಯಿಂದ ಅಪಾಯಕರವಾದುದು, ಇನ್ನೊಂದು ದೃಷ್ಟಿಯಿಂದ ಬಹು ಸಮರ್ಪಕವಾದುದು. ಯೋಗ್ಯತೆಯ ವಾಸನೆಯು ಶಬ್ದದಲ್ಲಿ ಉಳಿದಿರುವುದರಿಂದ, ಕುಲ, ಭಾಷೆ, ಪೀಠಗಳ ಸಭ್ಯತೆಯು ಹಿಂಬಾಗಿಲಿನಿಂದ ಬರುತ್ತಲೇ ಇದೆ. ಆದರೆ ಗೆರೆಯಿಲ್ಲದ ಶಬ್ದವನ್ನು ಆರಿಸಿದ್ದರೆ ಗೆರೆಯನ್ನು ದಾಟಿದುದರ ಬೆರಗೂ ತಿಳಿಯುತ್ತಿರಲಿಲ್ಲ. ಅಸಭ್ಯರೆನಿಸಿಕೊಂಡವರನ್ನು ಸಭೆಯೆಂದು ಕರೆದುದರಲ್ಲಿಯೇ ಹೊಸ ಅರ್ಥದ ಹುರುಳಿದೆ. ಆ ಅರ್ಥವನ್ನು ನಿಘಂಟು ಒಮ್ಮೆ ಬರೆದು ಮುಗಿಸಲಾರದು. ಬೆಳಗಾವಿಯ ಸಭೆಯೂ ಖಾನಾಪುರದ ಇಗರ್ಜಿಯೂ ಭಾನುವಾರ ಭಾನುವಾರವೂ ಯಾರು ಎಲ್ಲಿ ಕೂತರು, ಯಾರ ಮಾತು ಕೇಳಲ್ಪಟ್ಟಿತು ಎಂಬುದರಿಂದ ಅದನ್ನು ಬರೆಯುತ್ತಲೋ ಅಳಿಸುತ್ತಲೋ ಇರುತ್ತವೆ. ಕನ್ನಡದ ಕ್ರೈಸ್ತ ಪರಿಭಾಷೆಯನ್ನು ಅಭ್ಯಾಸ ಮಾಡುವವರು ಶಬ್ದಗಳ ಪಟ್ಟಿಯೊಂದಿಗೆ ಈ ಬರವಣಿಗೆಯನ್ನೂ ಓದಿದರೆ ಶಬ್ದಶಾಸ್ತ್ರಕ್ಕೂ ಸಮಾಜಕ್ಕೂ ಉಪಕಾರವಾದೀತು.